ವಾರಸುದಾರರಿಲ್ಲದ ಠೇವಣಿಗಳು

ಮೊನ್ನೆ ಮಂಗಳವಾರ ರಾತ್ರಿ ಎಂಟೂವರೆಗೆ ನಮ್ಮ ಕಾಲೋನಿ ಅಸೋಸಿಯೇಷನ್ ಸೆಕ್ರೆಟರಿ ಬಾಗಿಲು ತಟ್ಟಿದರು. ಕೈಯಲ್ಲೊಂದು ಕಾಗದ, ಅದರಲ್ಲಿ ಆಗಲೇ ಇಪ್ಪತ್ತಮೂರು ಸಹಿ. "ಸಂತಕಂ ಪೆಟ್ಟಂಡಿ ಸಾರ್, ಬ್ಯಾಂಕ್ ಆಫೀಸರ್ ಸಂತಕಂ ಅಂಟೇ ವೆಯಿಟ್ ಉಂಟುಂದಿ" ಅಂದರು. ಮೂವತ್ತು ವರ್ಷದಿಂದ ಓದದೆ ಸಹಿ ಮಾಡಿದವನಲ್ಲ ನಾನು. ಕೂತು ಓದಿದೆ.

ವಿಷಯ ಇಷ್ಟು. ಮೂರನೇ ಗಲ್ಲಿಯ ಮೂಲೆ ಮನೆ ಎರಡು ವರ್ಷದಿಂದ ಖಾಲಿ ಇದೆ, ಮಾಲೀಕರು ಅಮೆರಿಕದಲ್ಲಿದ್ದಾರೆ. ಒಂದು ಸೇವಾ ಸಂಸ್ಥೆ ಅದನ್ನು ಬಾಡಿಗೆಗೆ ಕೇಳಿದೆ. ಮಾನಸಿಕ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಇದ್ದು, ಈಗ ಹುಷಾರಾಗಿರುವ ಐದು ಜನ ಹೆಂಗಸರು ಅಲ್ಲಿ ಸಂಸಾರದ ಹಾಗೆ ಇರುತ್ತಾರಂತೆ. ನೋಡಿಕೊಳ್ಳುವುದಕ್ಕೆ ಇಬ್ಬರು ಕೆಲಸದವರು ಇರುತ್ತಾರಂತೆ. ಅದು ಬೇಡ ಅಂತ ಅಸೋಸಿಯೇಷನ್ನಿನ ತಕರಾರು. ಕಾರಣಗಳು: ಇದು ಕುಟುಂಬಸ್ಥರ ಕಾಲೋನಿ, ಮಕ್ಕಳು ಆಡುವ ಜಾಗ, ಮತ್ತು (ಇದೇ ನಿಜವಾದ ಕಾರಣ ಅಂತ ನನ್ನ ಗುಮಾನಿ) ಪ್ಲಾಟಿನ ರೇಟು ಬೀಳುತ್ತದೆ.

ನಾನು ಸಹಿ ಮಾಡಲಿಲ್ಲ. "ಆಲೋಚಿಸಿ ಹೇಳ್ತೀನಿ" ಅಂತ ಕಾಗದದ ಜೆರಾಕ್ಸ್ ಒಂದನ್ನು ಇಟ್ಟುಕೊಂಡೆ.

ಆ ಇಪ್ಪತ್ತಮೂರರಲ್ಲಿ ಮೂರು ಸಹಿ ನಮ್ಮ ಕನ್ನಡದವರದ್ದು. ಒಬ್ಬರಂತೂ ಬಹಳ ಒಳ್ಳೆಯವರು, ಯುಗಾದಿಗೆ ಅವರ ಮನೆಯ ಹೋಳಿಗೆ ಬಾರದೆ ನಮಗೆ ಹಬ್ಬವೇ ಆಗುವುದಿಲ್ಲ. ಮರುದಿನ ಬೆಳಗ್ಗೆ ವಾಕಿಂಗಿನಲ್ಲಿ ಸಿಕ್ಕಾಗ ಕೇಳಿದೆ, ಯಾಕೆ ಸರ್ ಸಹಿ ಹಾಕಿದಿರಿ ಅಂತ. ಅವರ ಉತ್ತರ ಬಹಳ ಸರಳ: "ಅಲ್ರೀ, ನಿಜವಾಗ್ಲೂ ಹುಷಾರಾಗಿದ್ರೆ ಇಷ್ಟು ವರ್ಷ ಯಾಕೆ ಒಳಗಿಟ್ಟಿರ್ತಿದ್ರು?"

ನೋಡಿ, ಈ ಪ್ರಶ್ನೆಯಲ್ಲೇ ನಮ್ಮೆಲ್ಲರ ತಪ್ಪು ತಿಳಿವಳಿಕೆ ಇದೆ. ಹೆಚ್ಚು ದಿನ ಒಳಗಿದ್ದರೆ ದೊಡ್ಡ ಕಾಯಿಲೆ, ಕಡಿಮೆ ದಿನ ಇದ್ದರೆ ಸಣ್ಣ ಕಾಯಿಲೆ! ಸಾಲದ ಅವಧಿ ನೋಡಿ ಸಾಲದ ಮೊತ್ತ ಹೇಳಿದ ಹಾಗಾಯಿತು. ನಾನು ಡಾಕ್ಟರಲ್ಲ, ಗುಲ್ಬರ್ಗಾ ಯೂನಿವರ್ಸಿಟಿಯ ಬಿ.ಕಾಂ. ಪದವೀಧರ. ಆದರೆ ಈ ಲೆಕ್ಕ ಕಲಿಯುವುದಕ್ಕೆ ಡಾಕ್ಟರಾಗಬೇಕಿಲ್ಲ, ಮನೆಯಲ್ಲಿ ಒಬ್ಬರಿಗೆ ಕಾಯಿಲೆ ಬಂದರೆ ಸಾಕು. ನಮ್ಮ ಮನೆಯಲ್ಲಿ ಬಂದಿತ್ತು. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಕಾಯಿಲೆಯ ಲೆಕ್ಕ. ಸ್ಕಿಜೋಫ್ರೇನಿಯಾ ಅಂತಲೇ ಇಟ್ಟುಕೊಳ್ಳಿ, ಜನ ಹೆಚ್ಚು ಹೆದರುವುದು ಅದಕ್ಕೇ. ಮಾತ್ರೆ ಶುರು ಮಾಡಿದರೆ ಒಂದೆರಡು ವಾರದಲ್ಲಿ ಹಿಡಿತ ಕಾಣುತ್ತದೆ, ಪೂರ್ತಿ ಗುಣ ನೋಡುವುದಕ್ಕೆ ನಾಲ್ಕರಿಂದ ಆರು ವಾರ ಕಾಯುತ್ತಾರೆ. ಒಂದು ಔಷಧಿ ಹಿಡಿಯದಿದ್ದರೆ ಇನ್ನೊಂದು, ಮತ್ತೆ ಅಷ್ಟೇ ವಾರ. ಎರಡೂ ಕೈಕೊಟ್ಟರೆ ಕ್ಲೋಜಪಿನ್ ಅಂತ ಒಂದಿದೆ. ಅದನ್ನು ನಿಧಾನವಾಗಿ ಏರಿಸಬೇಕು, ಮೊದಲ 18 ವಾರ ವಾರಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಬೇಕು, ಅದನ್ನೂ ಹೊರಗಿದ್ದುಕೊಂಡೇ ಮಾಡಿಸಬಹುದು. ಖಿನ್ನತೆ, ಉನ್ಮಾದ ಇವುಗಳಿಗೂ ಸಾಮಾನ್ಯವಾಗಿ ವಾರಗಳ ಲೆಕ್ಕವೇ. ಅಂದರೆ ಎಷ್ಟೇ ಎಳೆದರೂ ಕಾಯಿಲೆ ಕೇಳುವುದು ವಾರಗಳನ್ನು, ಹೆಚ್ಚೆಂದರೆ ಕೆಲವು ತಿಂಗಳನ್ನು. ವರ್ಷಗಳನ್ನು ಕೇಳುವ ಕೇಸು ಬಹಳ ಕಡಿಮೆ.

ಹಾಗಾದರೆ ಆ ವರ್ಷಗಳು ಎಲ್ಲಿಂದ ಬಂದವು ಸ್ವಾಮಿ?

2019ರಲ್ಲಿ ಹನ್ಸ್ ಫೌಂಡೇಶನ್ನಿನವರ ಅಧ್ಯಯನವೊಂದು ಹೊರಬಂತು. ದೇಶದ 43 ಸರ್ಕಾರಿ ಮಾನಸಿಕ ಆಸ್ಪತ್ರೆಗಳನ್ನು ನೋಡಿ ಬರೆದದ್ದು. ಅಲ್ಲಿದ್ದವರಲ್ಲಿ ಶೇಕಡಾ 36ರಷ್ಟು ಜನ ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲದಿಂದ ಒಳಗೇ ಇದ್ದರು. ಮೂವರಲ್ಲಿ ಒಬ್ಬರು! 2023ರ ಜನವರಿಯಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಗ್ವಾಲಿಯರ್, ಆಗ್ರಾ, ರಾಂಚಿ ಆಸ್ಪತ್ರೆಗಳನ್ನು ನೋಡಿ ಬಂದು, ದೇಶದ 46 ಸರ್ಕಾರಿ ಸಂಸ್ಥೆಗಳಿಗೂ ಸೇರಿಸಿ ನೋಟಿಸು ಕೊಟ್ಟಿತು. ಗುಣವಾದವರನ್ನೂ ಕಾನೂನಿಗೆ ವಿರುದ್ಧವಾಗಿ ಒಳಗೇ ಇಟ್ಟುಕೊಂಡಿದ್ದೀರಿ ಅನ್ನುವುದು ಅದರ ದೊಡ್ಡ ಆಕ್ಷೇಪ.

ಕಾನೂನು ಏನು ಹೇಳುತ್ತದೆ ಅಂತ ಕೂತು ಓದಿದೆ. ಮಾನಸಿಕ ಆರೋಗ್ಯ ಪಾಲನೆ ಕಾಯ್ದೆ 2017ರದ್ದು, ಜಾರಿಗೆ ಬಂದದ್ದು 2018ರ ಮೇ 29ಕ್ಕೆ. ತಾನೇ ನಿರ್ಧಾರ ಮಾಡಲಾಗದ ಸ್ಥಿತಿಯಲ್ಲಿರುವವರನ್ನು ದಾಖಲು ಮಾಡಿದರೆ ಮೊದಲಿಗೆ 30 ದಿನ. ಅದಕ್ಕೆ ಮೇಲೆ ಬೇಕಾದರೆ ಇಬ್ಬರು ಮನೋವೈದ್ಯರು ಬೇರೆ ಬೇರೆ ನೋಡಿ ಬರೆಯಬೇಕು, ರಿವ್ಯೂ ಬೋರ್ಡು ಒಪ್ಪಬೇಕು. ಆಗ 90 ದಿನ, ಮುಂದೆ 120, ಮುಂದೆ 180, ಪ್ರತಿ ಸಲವೂ ಹೊಸದಾಗಿ ಒಪ್ಪಿಗೆ. ನಮ್ಮಲ್ಲಿ ಓವರ್‌ಡ್ರಾಫ್ಟ್ ರಿನ್ಯೂವಲ್ ಇದ್ದ ಹಾಗೆ. 19ನೇ ಕಲಂ ಇನ್ನೂ ಸ್ಪಷ್ಟ. ಮನೆಯವರಿಲ್ಲ, ಮನೆಯವರು ಒಪ್ಪುತ್ತಿಲ್ಲ, ಇರಲು ಜಾಗವಿಲ್ಲ, ಊರಲ್ಲಿ ಬೇರೆ ವ್ಯವಸ್ಥೆಯಿಲ್ಲ ಅನ್ನುವ ಕಾರಣಕ್ಕೆ ಮಾತ್ರ ಯಾರನ್ನೂ ಆಸ್ಪತ್ರೆಯಲ್ಲಿ ಮುಂದುವರಿಸುವಂತಿಲ್ಲ. ಅಂಥವರಿಗೆ ಹಾಫ್‌ವೇ ಹೋಮು, ಗ್ರೂಪ್ ಹೋಮು ಮಾಡಿಕೊಡುವುದು ಸರ್ಕಾರದ ಕರ್ತವ್ಯ. ನಮ್ಮ ಮೂರನೇ ಗಲ್ಲಿಯ ಮೂಲೆ ಮನೆಗೆ ಬರಬೇಕಾದದ್ದು ಅದೇ! ಅಂದರೆ ಸೆಕ್ರೆಟರಿಯವರ ಕಾಗದ ಆ ಐದು ಹೆಂಗಸರಿಗಷ್ಟೇ ಅಲ್ಲ, ಪಾರ್ಲಿಮೆಂಟಿಗೂ ತಕರಾರು ಹೇಳುತ್ತಿದೆ.

ಕಾನೂನು ಇಷ್ಟು ಚೆನ್ನಾಗಿದ್ದರೂ ಜನ ಯಾಕೆ ಒಳಗಿದ್ದಾರೆ ಅಂದರೆ, ಆಸ್ಪತ್ರೆಯಿಂದ ಹೊರಬರುವುದಕ್ಕೆ ಗುಣವಾಗುವುದಷ್ಟೇ ಸಾಲದು, ಒಂದು ವಿಳಾಸ ಬೇಕು. ಸೇರಿಸುವಾಗ ಸುಳ್ಳು ವಿಳಾಸ ಬರೆಸಿ ಹೋಗುವವರಿದ್ದಾರೆ. ಆಸ್ಪತ್ರೆಯವರ ಪತ್ರ "ವಿಳಾಸದಾರರಿಲ್ಲ" ಅಂತ ವಾಪಸು ಬರುತ್ತದೆ. ಅಪ್ಪ ಅಮ್ಮ ಇರುವತನಕ ಮನೆ, ಅವರು ಹೋದ ಮೇಲೆ ಅಣ್ಣತಮ್ಮಂದಿರ ನಡುವೆ ಪಾಲಾಗುವುದು ಹೊಲ ಮಾತ್ರ, ಈ ಮನುಷ್ಯ ಯಾರ ಪಾಲಿಗೂ ಬರುವುದಿಲ್ಲ. ಪೊಲೀಸರು ರಸ್ತೆಯಲ್ಲಿ ಹಿಡಿದು ತಂದವರ ಭಾಷೆಯೇ ಯಾರಿಗೂ ತಿಳಿಯದೆ ಊರಿನ ಹೆಸರು ಹೊರಡುವುದಿಲ್ಲ. ಹೆಂಗಸರ ವಾರ್ಡಿನ ಕಥೆ ಕೇಳಲೇಬೇಡಿ. ಗಂಡಸಿಗೆ ಕಾಯಿಲೆ ಬಂದರೆ ಹೆಂಡತಿ ಮಾತ್ರೆ ಎಣಿಸಿ ಕೊಡುತ್ತಾಳೆ. ಹೆಂಡತಿಗೆ ಬಂದರೆ? ತವರಿಗೆ ಬಿಟ್ಟು ಬರುತ್ತಾರೆ, ತವರಿನಲ್ಲಿ ಅತ್ತಿಗೆ ಬಂದಿರುತ್ತಾಳೆ, ಅಲ್ಲಿಂದ ಆಸ್ಪತ್ರೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆ ವಿಚ್ಛೇದನಕ್ಕೆ ಒಂದು ಕಾರಣವಾಗಿ ಇವತ್ತಿಗೂ ಇದೆ.

ದುಡ್ಡಿನ ಕಾರಣಗಳೂ ಇವೆ, ಅದು ನನ್ನ ಇಲಾಖೆ. ಹಳೆಯ 1987ರ ಕಾಯ್ದೆಯಲ್ಲಿ ರೋಗಿಯ ಆಸ್ತಿ ನೋಡಿಕೊಳ್ಳುವುದಕ್ಕೆ ಜಿಲ್ಲಾ ಕೋರ್ಟು ಒಬ್ಬರನ್ನು ನೇಮಿಸಬಹುದಿತ್ತು. 2017ರ ಕಾಯ್ದೆಯಲ್ಲಿ ಆ ಅಧ್ಯಾಯವೇ ಇಲ್ಲ, ಜನ ಹೈಕೋರ್ಟಿಗೆ ರಿಟ್ ಹಾಕಿಕೊಂಡು ಹೋಗುತ್ತಿದ್ದಾರೆ. ಕೌಂಟರಿನಲ್ಲಿ ಮುದುಕಿ ತಾಯಿ ಮಗನ ಪಾಸ್‌ಬುಕ್ ಹಿಡಿದುಕೊಂಡು ನಿಂತರೆ ನಾವು ಹೇಳುವುದು "ಕೋರ್ಟ್ ಆರ್ಡರ್ ತನ್ನಿ ಅಮ್ಮಾ" ಅಂತ. ನಾನೂ ಹೇಳಿದ್ದೇನೆ. ರೂಲ್ಸ್ ಪ್ರಕಾರ ಸರಿಯೇ. ಆದರೆ ಮಗನ ದುಡ್ಡಿನಿಂದಲೇ ಮಗನಿಗೊಂದು ಕೋಣೆ ಬಾಡಿಗೆ ಹಿಡಿಯಲು ಆ ತಾಯಿಗೆ ಆಗಲಿಲ್ಲ, ಅವನು ವಾರ್ಡಿನಲ್ಲೇ ಉಳಿದ. ಖಾಸಗಿ ಆಸ್ಪತ್ರೆಗಳಲ್ಲಿ ಇದರ ಉಲ್ಟಾ. ಅಲ್ಲಿ ಕಾಯಿಲೆ ಕಡಿಮೆಯಾಗುವ ಮೊದಲೇ ಕೈಯಲ್ಲಿದ್ದ ದುಡ್ಡು ಮುಗಿದು ಮನೆಗೆ ಹೊರಡುತ್ತಾರೆ. 2018ರವರೆಗೆ ಆರೋಗ್ಯ ವಿಮೆಯ ಪಾಲಿಸಿಗಳಲ್ಲಿ ಮಾನಸಿಕ ಕಾಯಿಲೆಯನ್ನು ಸಾಮಾನ್ಯವಾಗಿ ಹೊರಗಿಟ್ಟೇ ಬರೆಯುತ್ತಿದ್ದರು. ಹೊಸ ಕಾಯ್ದೆ ಬಂದ ಮೇಲೆ ಆ ಆಗಸ್ಟಿನಲ್ಲಿ ವಿಮಾ ಪ್ರಾಧಿಕಾರ ಸುತ್ತೋಲೆ ಹೊರಡಿಸಿ, ಬೇರೆ ಕಾಯಿಲೆಯ ಹಾಗೆಯೇ ಇದಕ್ಕೂ ಕೊಡಿ ಅಂತ ಹೇಳಬೇಕಾಯಿತು. ಒಟ್ಟಿನಲ್ಲಿ ಬಡವನು ಗುಣವಾದ ಮೇಲೂ ಒಳಗೆ, ಮಧ್ಯಮ ವರ್ಗದವನು ಗುಣವಾಗುವ ಮೊದಲೇ ಹೊರಗೆ. ಇದರಲ್ಲಿ ಡಾಕ್ಟರಿನ ಕೈವಾಡ ಎಷ್ಟು ಹೇಳಿ?

ಈಗ ನಮ್ಮ ಮನೆಯದ್ದು.

ನಮ್ಮ ದೊಡ್ಡಪ್ಪನ ಮಗ, ನನಗಿಂತ ಆರು ವರ್ಷ ದೊಡ್ಡವನು. ಹೆಸರು ಬೇಡ, ಅಣ್ಣ ಅಂತಲೇ ಹೇಳುತ್ತೇನೆ. ರಾಯಚೂರು ಜಿಲ್ಲೆಯ ನಮ್ಮ ಊರಲ್ಲಿ ನನಗೆ ಸೈಕಲ್ ಕಲಿಸಿದವನು, ಮಗ್ಗಿ ಬಾಯಿಪಾಠ ಮಾಡಿಸಿದವನು. 1998ರಲ್ಲಿ ಅವನಿಗೆ ಕಾಯಿಲೆ ಬಂತು. ರಾತ್ರಿಯೆಲ್ಲ ಎದ್ದು ಕೂತು ಯಾರ ಜೊತೆಗೋ ಜಗಳ, ಊಟ ಬಿಟ್ಟ, ಬಾವಿ ಕಡೆ ಹೋಗತೊಡಗಿದ. ನಮ್ಮ ಕಡೆ "ಧಾರವಾಡಕ್ಕ ಒಯ್ರಿ" ಅಂದರೆ ಬೈಗುಳ, 1845ರಿಂದ ಅಲ್ಲಿ ಆಸ್ಪತ್ರೆ ಇದೆಯಲ್ಲ, ಹಾಗಾಗಿ. ಹೈದರಾಬಾದಿನಲ್ಲಿ "ಎರ್ರಗಡ್ಡ" ಅನ್ನುವುದೂ ಅದೇ ಬೈಗುಳ. ನಿಜಾಮರ ಕಾಲದಲ್ಲಿ ಜಾಲ್ನಾದಲ್ಲಿದ್ದ ಮಾನಸಿಕ ಆಸ್ಪತ್ರೆ 1953ರಲ್ಲಿ ಎರ್ರಗಡ್ಡಕ್ಕೆ ಬಂತು. ನಮ್ಮ ರಾಯಚೂರು, ಗುಲ್ಬರ್ಗಾ, ಬೀದರ ಆಗ ಹೈದರಾಬಾದ್ ರಾಜ್ಯದಲ್ಲೇ ಇದ್ದವು, ಆ ಲೆಕ್ಕಕ್ಕೆ ಅದು ನಮ್ಮದೂ ಹೌದು. ಈಗ ಮೆಟ್ರೋದಲ್ಲಿ ಇಎಸ್ಐ ದಾಟಿದ ಮೇಲೆ ಬರುವ ಸ್ಟೇಷನ್ನಿನ ಹೆಸರು ಕೇಳಿ ಕಾಲೇಜು ಹುಡುಗರು ಒಬ್ಬರಿಗೊಬ್ಬರು "ದಿಗುರಾ, ನೀ ಸ್ಟೇಷನ್ ವಚ್ಚಿಂದಿ" ಅಂತ ನಗುತ್ತಾರೆ. ಇರಲಿ.

ಅಣ್ಣನನ್ನು ಧಾರವಾಡಕ್ಕೂ ಒಯ್ಯಲಿಲ್ಲ, ಎರ್ರಗಡ್ಡಕ್ಕೂ ಅಲ್ಲ. ಊರವರಿಗೆ ಗೊತ್ತಾಗಬಾರದು ಅಂತ ದೂರದ ಬೇರೊಂದು ಆಸ್ಪತ್ರೆಗೆ ಸೇರಿಸಿದೆವು. ಫಾರಂನಲ್ಲಿ ಸಹಿ ಮಾಡಿದವನು ನಾನು, ಕೊಟ್ಟ ವಿಳಾಸ ನನ್ನ ಬ್ರ್ಯಾಂಚಿನದು. ಮೂರನೇ ತಿಂಗಳಲ್ಲಿ ಪತ್ರ ಬಂತು: ರೋಗಿ ಸುಧಾರಿಸಿದ್ದಾರೆ, ಮನೆಗೆ ಕರೆದುಕೊಂಡು ಹೋಗಬಹುದು. ನಾನು ದೊಡ್ಡಪ್ಪನಿಗೆ ಟ್ರಂಕಾಲ್... ಅಲ್ಲಲ್ಲ, ಆಗಲೇ ಎಸ್‌ಟಿಡಿ ಇತ್ತು, ಫೋನ್ ಮಾಡಿದೆ. "ತಂಗಿ ಮದುವಿ ಗೊತ್ತಾಗ್ಯಾದ, ಮದುವಿ ಮುಗೀಲಿ ತಮ್ಮಾ" ಅಂದರು. ಸರಿ ಅಂದೆ. ಪತ್ರವನ್ನು ಡ್ರಾಯರಿನಲ್ಲಿ ಇಟ್ಟೆ. ಮದುವೆ ಮುಗಿಯಿತು. ಬೀಗರು ಹೊಸಬರು, ಸ್ವಲ್ಪ ದಿನ ತಡಿ ಅಂದರು. ಆಮೇಲೆ ಹತ್ತಿ ಬಿಡಿಸುವ ಸುಗ್ಗಿ ಬಂತು. ಆಮೇಲೆ ದೊಡ್ಡಪ್ಪನಿಗೆ ಹರ್ನಿಯಾ ಆಪರೇಷನ್. ಆಮೇಲೆ... ಹೇಳಿಕೊಳ್ಳುವುದಕ್ಕೆ ಕಾರಣವೂ ಉಳಿಯಲಿಲ್ಲ, ರೂಢಿಯಾಗಿಹೋಗಿತ್ತು.

ತಿಂಗಳಿಗೊಮ್ಮೆ ಬಾಳೆಹಣ್ಣು, ಬಿಸ್ಕತ್ತು ತಗೊಂಡು ಹೋಗುತ್ತಿದ್ದೆ. ಅಣ್ಣ ಮಂಚದ ಕೆಳಗೆ ಒಂದು ಚೀಲ ಕಟ್ಟಿಟ್ಟುಕೊಂಡಿದ್ದ. ಎರಡು ಅಂಗಿ, ಒಂದು ಲುಂಗಿ, ಬಾಚಣಿಗೆ. ನನ್ನ ಮುಖ ಕಂಡ ಕೂಡಲೇ ಚೀಲ ಎಳೆಯುತ್ತಿದ್ದ. "ಕರ್ಕೊಂಡು ಹೋಗಾಕ ಬಂದೀಯೇನು?" ಅಂತ ಕೇಳುತ್ತಿದ್ದ. ಇಲ್ಲ ಅಣ್ಣ, ಮುಂದಿನ ತಿಂಗಳು. ಚೀಲ ಮತ್ತೆ ಮಂಚದ ಕೆಳಗೆ. ಒಂದು ಸಲವೂ ಜಗಳ ಮಾಡಲಿಲ್ಲ. ಒಂಬತ್ತನೆಯದೋ ಹತ್ತನೆಯದೋ ತಿಂಗಳಲ್ಲಿ ಚೀಲ ಎಳೆಯುವುದನ್ನು ನಿಲ್ಲಿಸಿದ. ಆ ಸಲ ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಸಮಾಧಾನವಾಗಿತ್ತು, ಅಣ್ಣ ಹೊಂದಿಕೊಂಡ ಅಂತ! ಇವತ್ತು ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಅವನು ಒಳಗಿದ್ದದ್ದು ಒಟ್ಟು ಹದಿನಾಲ್ಕು ತಿಂಗಳು. ಕಾಯಿಲೆಯ ಲೆಕ್ಕಕ್ಕೆ ಮೂರು, ನಮ್ಮ ಲೆಕ್ಕಕ್ಕೆ ಹನ್ನೊಂದು. ಕೊನೆಗೆ ಕರೆದುಕೊಂಡು ಬಂದ ದಿನ ಇಮ್ಲಿಬನ್ ಬಸ್ ಸ್ಟ್ಯಾಂಡಿನಲ್ಲಿ ಟೀ ತರಲು ಅವನ ಕೈಗೆ ಐವತ್ತು ರೂಪಾಯಿ ಕೊಟ್ಟೆ. ನೋಟನ್ನು ಹಿಡಿದುಕೊಂಡು ಹಾಗೇ ನಿಂತ. ಮಗ್ಗಿ ಕಲಿಸಿದ ಅಣ್ಣನಿಗೆ ಚಿಲ್ಲರೆ ಎಣಿಸುವುದು ಮರೆತುಹೋಗಿತ್ತು. ಇದೂ ಕಾಯಿಲೆಯೇ ಅಂತ ಆಗ ತಿಳಿದಿದ್ದೆ. ರಸೆಲ್ ಬಾರ್ಟನ್ ಅನ್ನುವ ಇಂಗ್ಲಿಷ್ ಡಾಕ್ಟರು 1959ರಲ್ಲೇ ಇದರ ಮೇಲೆ ಪುಸ್ತಕ ಬರೆದಿದ್ದರು ಅಂತ ಬಹಳ ವರ್ಷಗಳ ಮೇಲೆ ಗೊತ್ತಾಯಿತು. ಕೇಳುವವರಿಲ್ಲದೆ, ಕೆಲಸವಿಲ್ಲದೆ, ಸ್ವಂತದ್ದು ಅನ್ನುವುದೇನೂ ಇಲ್ಲದೆ ವಾರ್ಡಿನಲ್ಲೇ ಉಳಿದವರಿಗೆ ಆಸ್ಪತ್ರೆಯೇ ಒಂದು ಬೇರೆ ಕಾಯಿಲೆ ಅಂಟಿಸುತ್ತದೆ ಅನ್ನುವುದು ಅವರ ಮಾತು. ಆ ಕಾಯಿಲೆಯನ್ನು ಅಣ್ಣನಿಗೆ ಅಂಟಿಸಿದ್ದು ಡಾಕ್ಟರಲ್ಲ, ನನ್ನ ಡ್ರಾಯರು.

ಬ್ಯಾಂಕಿನವನಾಗಿ ನನಗೆ ಇನ್ನೊಂದು ಚುಚ್ಚುತ್ತದೆ. ಒಂದು ಖಾತೆಯಲ್ಲಿ ಎರಡು ವರ್ಷ ವ್ಯವಹಾರವಿಲ್ಲದಿದ್ದರೆ ಅದು ಇನಾಪರೇಟಿವ್. ಹತ್ತು ವರ್ಷ ಯಾರೂ ಕೇಳದಿದ್ದರೆ ದುಡ್ಡು ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ, 2014ರಿಂದ ಹೀಗೆ. ಅಲ್ಲಿಗೆ ಮುಗಿಯಲಿಲ್ಲ. 2023ರ ಜೂನ್ 1ರಿಂದ ನೂರು ದಿನದಲ್ಲಿ, ಪ್ರತಿ ಜಿಲ್ಲೆಯಲ್ಲೂ ಪ್ರತಿ ಬ್ಯಾಂಕೂ, ಅತಿ ದೊಡ್ಡ ನೂರು ವಾರಸುದಾರರಿಲ್ಲದ ಠೇವಣಿಗಳ ವಾರಸುದಾರರನ್ನು ಹುಡುಕಿ ಕೊಡಬೇಕು ಅಂತ ಆರ್ಡರ್ ಬಂತು. ಸತ್ತವರ ಮೊಮ್ಮಕ್ಕಳನ್ನು ಹುಡುಕಿಕೊಂಡು ನಾವು ಗಲ್ಲಿ ಗಲ್ಲಿ ಅಲೆದೆವು. ಅದೇ ಆಗಸ್ಟಿನಲ್ಲಿ ಉದ್ಗಮ್ ಅಂತ ಪೋರ್ಟಲ್ ಬಂತು, ಅಪ್ಪನ ಹೆಸರು ಹಾಕಿದರೆ ಎಲ್ಲಿ ದುಡ್ಡು ಮಲಗಿದೆ ಅಂತ ತೋರಿಸುತ್ತದೆ. ಒಳ್ಳೆಯದೇ. ದುಡ್ಡಿಗೆ ಇಷ್ಟು ಮಾಡುವ ದೇಶಕ್ಕೆ, ಮಂಚದ ಕೆಳಗೆ ಚೀಲ ಕಟ್ಟಿಟ್ಟುಕೊಂಡು ಕೂತವರ ಮನೆ ಹುಡುಕಲು ಒಂದು ನೂರು ದಿನ ಸಿಗುವುದಿಲ್ಲವೇ?

ಸಿಗದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಅಸ್ಸಾಮಿನ ಮಚಾಂಗ್ ಲಾಲುಂಗ್ ಅವರ ಬದುಕು ನೋಡಿ. 1951ರಲ್ಲಿ ಪೊಲೀಸರು ಹಿಡಿದರು, ಆಗ ಇಪ್ಪತ್ತಮೂರರ ಹುಡುಗ. ತೇಜಪುರದ ಮಾನಸಿಕ ಆಸ್ಪತ್ರೆಗೆ ಹಾಕಿದರು. 1967ರಲ್ಲಿ ಡಾಕ್ಟರುಗಳು ಹುಷಾರಾಗಿದ್ದಾನೆ ಅಂತ ಬರೆದುಕೊಟ್ಟರು. ಮನೆಗೆ ಕಳಿಸುವ ಬದಲು ಜೈಲಿಗೆ ಕಳಿಸಿದರು! ವಿಚಾರಣೆಯೇ ನಡೆಯಲಿಲ್ಲ. ಬಿಡುಗಡೆ ಆದದ್ದು 2005ರಲ್ಲಿ, ಐವತ್ತನಾಲ್ಕು ವರ್ಷದ ಮೇಲೆ, ಒಂದು ರೂಪಾಯಿ ಬಾಂಡಿನ ಮೇಲೆ. ಹೊರಗೆ ಬಂದ ಮೇಲೆ ಬದುಕಿದ್ದು ಎರಡು ವರ್ಷ ಚಿಲ್ಲರೆ.

"ಹೇಳುವುದು ಸುಲಭ, ಮನೆಯಲ್ಲಿಟ್ಟುಕೊಂಡು ನೋಡಿ ಗೊತ್ತಾಗುತ್ತೆ" ಅನ್ನುವವರಿದ್ದೀರಿ. ಒಪ್ಪಿದೆ. ಅಣ್ಣ ಬಂದ ಮೇಲೆ ದೊಡ್ಡಮ್ಮ ಒಂದು ಮದುವೆಗೂ ಹೋಗಲಿಲ್ಲ, ಒಂದು ರಾತ್ರಿ ನೆಟ್ಟಗೆ ಮಲಗಲಿಲ್ಲ. ನಮ್ಮ ಹಾಗೆ ಎರಡು ಬೆಡ್‌ರೂಮಿನಲ್ಲಿ, ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಲ್ಲಿ ಇನ್ನೂ ಕಷ್ಟ. ಎಲ್ಲವನ್ನೂ ಮನೆಯ ಹೆಂಗಸಿನ ತಲೆಗೆ ಕಟ್ಟಿ ಸರ್ಕಾರ ಕೈತೊಳೆದುಕೊಳ್ಳುವುದಕ್ಕೆ ನಾನು ವಕೀಲಿಕೆ ಮಾಡುತ್ತಿಲ್ಲ. ಬರೀ ಗೇಟು ತೆಗೆದರೆ ಸಾಲದು ಅನ್ನುವುದಕ್ಕೆ ಅಮೆರಿಕವೇ ಸಾಕ್ಷಿ. 1955ರಲ್ಲಿ ಅಲ್ಲಿನ ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಐದೂವರೆ ಲಕ್ಷ ಜನ ಇದ್ದರು. ಮುಂದಿನ ದಶಕಗಳಲ್ಲಿ ಆಸ್ಪತ್ರೆ ಖಾಲಿ ಮಾಡಿದರು, ಹೊರಗಿನ ವ್ಯವಸ್ಥೆಗೆ ದುಡ್ಡು ಸಾಕಷ್ಟು ಕೊಡಲಿಲ್ಲ. ಎಷ್ಟೋ ಜನ ಫುಟ್‌ಪಾತಿಗೆ, ಜೈಲಿಗೆ ಹೋದರು. ನಮ್ಮಲ್ಲೂ ಆ ಬುದ್ಧಿ ಬರುತ್ತಿದೆ. ಗುಣವಾದವರನ್ನು ಮಹಾರಾಷ್ಟ್ರದಲ್ಲಿ ಭಿಕ್ಷುಕರ ಮನೆಗೆ, ವೃದ್ಧಾಶ್ರಮಕ್ಕೆ ಸಾಗಿಸುತ್ತಿದ್ದುದನ್ನು ನಿಲ್ಲಿಸಿ ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು.

ಆದರೆ ದಾರಿಯೇ ಇಲ್ಲ ಅನ್ನಬೇಡಿ. 1950ರ ದಶಕದಲ್ಲೇ ಅಮೃತಸರದಲ್ಲಿ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಅಂಗಳದಲ್ಲಿ ಟೆಂಟ್ ಹಾಕಿಸಿ, ರೋಗಿಯ ಜೊತೆಗೆ ಮನೆಯವರನ್ನೂ ಇಟ್ಟುಕೊಂಡರು. ಮನೆಯವರು ಬಿಟ್ಟುಹೋಗದಿದ್ದರೆ ಕರೆದುಕೊಂಡು ಹೋಗುವುದೂ ಸುಲಭ, ಇಷ್ಟೇ ಸೂತ್ರ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೆಯವರು ಜೊತೆಗಿರುವ ವಾರ್ಡುಗಳು ಇವತ್ತಿಗೂ ಇವೆ. ಅದೇ ನಿಮ್ಹಾನ್ಸ್‌ನವರು 1985ರ ಸುಮಾರಿಗೆ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ ತರಬೇತಿ ಕೊಟ್ಟು ಹಳ್ಳಿಯಲ್ಲೇ ಮಾತ್ರೆ ಸಿಗುವ ಹಾಗೆ ಮಾಡಿದರು. ಅದನ್ನು ನೋಡಿಕೊಂಡೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶಕ್ಕೆ ಬಂದದ್ದು. ಬಳ್ಳಾರಿಯವರು ಗಣಿಗೆ ಮಾತ್ರ ಹೆಸರು ಹೇಳಿಕೊಳ್ಳುತ್ತಾರೆ, ಇದನ್ನು ಯಾಕೆ ಹೇಳಿಕೊಳ್ಳುವುದಿಲ್ಲವೋ! ಚೆನ್ನೈಯ ಬ್ಯಾನಿಯನ್ ಸಂಸ್ಥೆ ವರ್ಷಗಟ್ಟಲೆ ಒಳಗಿದ್ದವರನ್ನು ನಾಲ್ಕೈದು ಜನರ ಗುಂಪು ಮಾಡಿ ಊರ ಮಧ್ಯೆ ಸಾಧಾರಣ ಬಾಡಿಗೆ ಮನೆಗಳಲ್ಲಿ ಇರಿಸುತ್ತಿದೆ. ನಮ್ಮ ಮೂರನೇ ಗಲ್ಲಿಗೆ ಬರಲಿರುವುದು ಅಂಥದ್ದೇ ಒಂದು.

ಇನ್ನು ನಮ್ಮ ಕನ್ನಡದ ಮೂವರಿಗೆ ಒಂದು ಮಾತು. 1993ರಲ್ಲಿ ನಾನು ಈ ಊರಿಗೆ ಕ್ಲರ್ಕ್ ಆಗಿ ಬಂದಾಗ ವಿದ್ಯಾನಗರ, ನಲ್ಲಕುಂಟ ಪೂರ್ತಿ ಸುತ್ತಿದ್ದೇನೆ ಮನೆ ಹುಡುಕಿ. ಮದುವೆಯಾಗಿಲ್ಲ, ಯಾವ ಊರವನೋ, ಯಾವ ಜನವೋ, ತಿಂಗಳಿಗೊಮ್ಮೆ ಸಂಬಳ ಬರುವುದು ನಿಜವೋ ಸುಳ್ಳೋ, ಎಲ್ಲ ಕೇಳಿ "ಲೇದಂಡಿ" ಅಂತ ಬಾಗಿಲು ಹಾಕಿದರು. ನಿಮಗೂ ಹಾಕಿದ್ದಾರೆ, ನೀವೇ ಹೇಳಿದ್ದೀರಿ ನಗುನಗುತ್ತ. ಕೊನೆಗೆ ಒಬ್ಬ ವಿಧವೆ ಅಮ್ಮ ಏನೂ ಕೇಳದೆ ಮೇಲಿನ ಕೋಣೆ ಕೊಟ್ಟರು. ನನ್ನ ಮೂವತ್ತು ವರ್ಷದ ಹೈದರಾಬಾದು ಅಲ್ಲಿಂದಲೇ ಶುರು.

ಅಣ್ಣ ಈಗ ತಂಗಿಯ ಮನೆಯಲ್ಲಿದ್ದಾನೆ. ಹೌದು, ಯಾರ ಮದುವೆಗೆ ಅವನನ್ನು ಬಚ್ಚಿಟ್ಟೆವೋ ಅದೇ ತಂಗಿ. ಭಾವ ತಾವೇ ಬಂದು ಕರೆದುಕೊಂಡು ಹೋದರು, ಇಷ್ಟು ದಿನ ನಮಗೆ ಯಾಕ ಹೇಳಲಿಲ್ಲ ಅಂತ ಬೈದು. ಮಾತ್ರೆ ತಪ್ಪಿಸುವುದಿಲ್ಲ, ಕಿರಾಣಿ ಅಂಗಡಿಯಲ್ಲಿ ಕೂರುತ್ತಾನೆ, ಚಿಲ್ಲರೆ ಈಗ ಅವನೇ ಎಣಿಸುತ್ತಾನೆ. ಭಾನುವಾರ ಬೆಳಗ್ಗೆ ನನಗೆ ಫೋನ್ ಮಾಡುತ್ತಾನೆ, ಮಳೆ, ತೊಗರಿ ರೇಟು, ಮಕ್ಕಳ ಓದು ಎಲ್ಲ ಕೇಳುತ್ತಾನೆ. ಆ ಹನ್ನೊಂದು ತಿಂಗಳ ಮಾತು ಅವನೂ ಎತ್ತಿಲ್ಲ, ನಾನೂ ಎತ್ತಿಲ್ಲ.

ಈ ಭಾನುವಾರ ಅವನ ಫೋನ್ ಮುಗಿಸಿಕೊಂಡು ಹನ್ನೊಂದು ಗಂಟೆಗೆ ಅಸೋಸಿಯೇಷನ್ ಮೀಟಿಂಗಿಗೆ ಹೋಗುತ್ತಿದ್ದೇನೆ. ಸಹಿ ಮಾಡದ ಜೆರಾಕ್ಸ್ ಜೇಬಿನಲ್ಲಿರುತ್ತದೆ, 19ನೇ ಕಲಮಿನ ಪ್ರಿಂಟೂ ಇರುತ್ತದೆ, ತೆಲುಗಿನಲ್ಲಿ ಹೇಳಬೇಕಾದ್ದನ್ನು ಬರೆದಿಟ್ಟುಕೊಂಡಿದ್ದೇನೆ. ಹೋಳಿಗೆಯವರಿಗೆ ಫೋನ್ ಮಾಡಿದೆ. ಸಹಿ ವಾಪಸು ತಗೊಳ್ಳುತ್ತೀನಿ ಅಂತ ಹೇಳಲಿಲ್ಲ, ಆದರೆ ಮೀಟಿಂಗಿಗೆ ಬರುತ್ತಾರಂತೆ.